ಫ್ರಿಡ್ಜಿಗೆ ಬಿದ್ದ ಪೆಟ್ಟು

ಕಾಲೇಜು ಕಥಾಸ್ಪರ್ಧೆಗೆ ಇನ್ನು ತೀರ್ಪುಗಾರನಾಗುವುದಿಲ್ಲ ಎಂದು ಪ್ರತಿವರ್ಷ ಶಪಥ ಮಾಡಿ ಪ್ರತಿವರ್ಷ ಮುರಿಯುವವನು ನಾನು, ನಿಮಗೆ ಗೊತ್ತೇ ಇದೆ. ನಿನ್ನೆ ಅದಕ್ಕೆ ತಕ್ಕ ಶಾಸ್ತಿಯಾಯಿತು.

ಒಂದು ಕಥೆ. ಅಜ್ಜಿ ತೀರಿಕೊಂಡ ರಾತ್ರಿ ಹುಡುಗನೊಬ್ಬ ಅಡುಗೆಮನೆಯಲ್ಲಿ ಕುಳಿತು, ಹಳೆಯ ಫ್ರಿಡ್ಜ್ ಎಷ್ಟು ಸಲ ಗುರ್ರೆಂದು ಶುರುವಾಗಿ ನಿಂತಿತೆಂದು ಎಣಿಸುತ್ತಾನೆ. ಹದಿನಾಲ್ಕು ಸಲ. ಆ ಸದ್ದು ಮೊಮ್ಮಗನಿಗೆ ಆಗದೆಂದು ಅಜ್ಜಿ ಅದರ ಪಕ್ಕೆಗೊಂದು ಪೆಟ್ಟು ಕೊಟ್ಟು ಸುಮ್ಮನಾಗಿಸುತ್ತಿದ್ದಳು. ಹದಿನೈದನೆಯ ಸಲ ಅವನೇ ಎದ್ದು ಹೋಗಿ ಪೆಟ್ಟು ಕೊಡುತ್ತಾನೆ. ಕಥೆ ಮುಗಿಯಿತು. ಒಂದು ಹನಿ ಕಣ್ಣೀರಿಲ್ಲ.

ಜೊತೆಯ ತೀರ್ಪುಗಾರರು "ಭಾವನೆಯೇ ಇಲ್ಲ, ವರದಿಯ ಹಾಗಿದೆ" ಎಂದು ಹತ್ತಕ್ಕೆ ನಾಲ್ಕು ಕೊಟ್ಟರು. ಬರೆದವನು ಆಟಿಸ್ಟಿಕ್ (ಲೋಕವನ್ನು ಗ್ರಹಿಸುವ, ಇತರರೊಡನೆ ಬೆರೆಯುವ ರೀತಿಯೇ ಬೇರೆಯಾಗಿರುವವನು) ಎಂದು ಸಂಘಟಕರೊಬ್ಬರು ಪಿಸುಗುಟ್ಟಿದ್ದೇ ತಡ, ನಾಲ್ಕು ಎಂಟಾಯಿತು! "ಅಂಥ ಮಕ್ಕಳು ಇಷ್ಟು ಬರೆಯುವುದೇ ದೊಡ್ಡದಲ್ಲವೇ?" ಇಪ್ಪತ್ತು ತುಂಬಿದ ಯುವಕ ಇವರಿಗೆ ಅಂಥ ಮಗು. ನಾಲ್ಕು ಕೊಟ್ಟಾಗ ಬೇಸರವಾಗಿತ್ತು, ಅಷ್ಟೆ. ಎಂಟು ಕೊಟ್ಟಾಗ ಮೈ ಉರಿಯಿತು. ಎರಡು ಸಲವೂ ಅವರು ಕಥೆ ಓದಿರಲಿಲ್ಲ.

ಆಟಿಸಂ ಇರುವವರಿಗೆ ಇನ್ನೊಬ್ಬರ ಮನಸ್ಸು ತಿಳಿಯದು ಎಂಬ ಮಾತಿಗೆ ಬಲ ಬಂದದ್ದು 1985ರ ಒಂದು ಗೊಂಬೆಯಾಟದ ಪ್ರಯೋಗದಿಂದ: ತಾನಿಲ್ಲದಾಗ ಜಾಗ ಬದಲಾದ ಗೋಲಿಯನ್ನು ಗೊಂಬೆ ಮರಳಿ ಬಂದು ಎಲ್ಲಿ ಹುಡುಕುತ್ತದೆ ಎಂಬುದು ಪ್ರಶ್ನೆ. ಅದರಲ್ಲಿದ್ದ ಆಟಿಸ್ಟಿಕ್ ಮಕ್ಕಳು 20. ಅವರಲ್ಲಿ ನಾಲ್ವರು ಸರಿಯಾಗಿಯೇ ಉತ್ತರಿಸಿದ್ದರು. ಆ ನಾಲ್ವರನ್ನು ಯಾರೂ ನೆನೆಯುವುದಿಲ್ಲ. ಸ್ವತಃ ಆಟಿಸ್ಟಿಕ್ ಆದ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಾತನ್ನು ತಿರುಗಿಸಿ ಹಾಕಿದರು: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ. ನಿನ್ನೆ ಆ ಎರಡನೆಯ ಕಡೆ ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು.

ಬರೆದವರ ಹಿನ್ನೆಲೆ ತಿಳಿದರೆ ಓದು ಆಳವಾಗುವುದಿಲ್ಲವೇ ಎನ್ನುತ್ತೀರಿ. ಆಗಲಿ ಮಹಾರಾಯರೇ, ಆದರೆ ಅದಕ್ಕೆ ಮತ್ತೊಮ್ಮೆ ಓದಬೇಕಲ್ಲ? ಹಾಳೆ ಮಗುಚಲಿಲ್ಲ, ಅಂಕಿ ಮಾತ್ರ ತಿದ್ದಿದರು.

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಹಿಂದೊಮ್ಮೆ ವಿದ್ಯಾರ್ಥಿನಿಯೊಬ್ಬಳು ತನ್ನ ಕಥೆಯಲ್ಲಿ ಪರೀಕ್ಷೆಯ ಕೊಠಡಿಯ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯ ಬಗ್ಗೆಯೇ ಒಂದು ಪುಟ ಬರೆದಿದ್ದಳು. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ "ಅನಗತ್ಯ, ಪಾತ್ರದ ದುಃಖ ಬರೆಯಿರಿ" ಎಂದೆ. ಮರುವಾರ "ಅವಳ ಕಣ್ಣುಗಳು ತುಂಬಿ ಬಂದವು" ಎಂದು ವಿಧೇಯಳಾಗಿ ಬರೆದು ತಂದಳು. ಪೂರ್ತಿ ಅಂಕ ಕೊಟ್ಟೆ. ಆಮೇಲೆ ಅವಳು ಏನನ್ನೂ ತೋರಿಸಲಿಲ್ಲ. ಅವಳು ಆಟಿಸ್ಟಿಕ್ ಎಂದು ಆಗ ತಿಳಿದಿರಲಿಲ್ಲ ಎನ್ನುವುದು ನೆಪ. ನನಗೆ ಅಕ್ಷರ ಓದಲು ಬರುತ್ತಿತ್ತಲ್ಲ.

ಫ್ರಿಡ್ಜಿನ ಕಥೆಗೆ ನಾನು ಕೊಟ್ಟದ್ದು ಒಂಬತ್ತು. ಒಂದು ಅಂಕ ಕಳೆದದ್ದು ನಡುವೆ ಬರುವ "ಮೌನ ಕಂಬಳಿಯಂತೆ ಹೊದ್ದಿತ್ತು" ಎಂಬ ಸಾಲಿಗೆ. ಅದನ್ನು ನನ್ನಂಥ ಯಾರೋ ಮೇಷ್ಟರು ಹೇಳಿ ಬರೆಸಿರಬೇಕು.