ಡರ್ಲ್‌ಟನ್ ಕೋಟೆಗೆ ಮತ್ತೆ ಚಾವಣಿ ಹೊದಿಸಬೇಕೇ?

ಪರ

ಸ್ಕಾಟ್ಲೆಂಡಿನ ಎಡಿನ್‌ಬರ ನಗರದ ಪೂರ್ವಕ್ಕಿರುವ ಡರ್ಲ್‌ಟನ್ ಗ್ರಾಮದಲ್ಲಿ ಚರ್ಚೂ ಕೋಟೆಯೂ ಹತ್ತಿರದಲ್ಲೇ ಇದ್ದರೂ ಅವುಗಳ ಗತಿ ಒಂದೇ ಆಗಲಿಲ್ಲ. ನೆರೆಯ ಗಲನ್ ಊರಿನ ಹಳೆಯ ಚರ್ಚನ್ನು ಕಡಲ ಮರಳು ಮುಚ್ಚುತ್ತ ಬಂದಾಗ, 1612ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಕಾಯ್ದೆ ಮಾಡಿ ಅದನ್ನು ಡರ್ಲ್‌ಟನ್ನಿಗೆ ಸ್ಥಳಾಂತರಿಸಿತು. ಡರ್ಲ್‌ಟನ್ನಿನ ಚರ್ಚು ಸೂರಿನಡಿ ಗಟ್ಟಿಯಾಗಿ ನಿಂತಿದೆ, ಗಲನ್‌ನಲ್ಲಿ ಉಳಿದಿರುವುದು ಬೋಳು ಗೋಡೆಗಳು ಮಾತ್ರ.

1650ರಲ್ಲಿ ಇಂಗ್ಲೆಂಡಿನ ಸೇನಾಪತಿ ಆಲಿವರ್ ಕ್ರಾಮ್‌ವೆಲ್‌ನ ಸೇನೆಯ ದಾಳಿಗೆ ತುತ್ತಾದ ಕೋಟೆಗೂ ಅದೇ ಅಪಾಯವಿದೆ. ತೆರೆದ ಗೋಡೆಗಳೊಳಗೆ ಇಳಿದ ಮಳೆನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುವುದರಿಂದ ಕಲ್ಲಿನ ನಡುವಿನ ಗಾರೆ ಸಡಿಲವಾಗುತ್ತದೆ. ಎತ್ತರದ ಗೋಡೆಗಳ ತಪಾಸಣೆಗೆಂದು ಸ್ಕಾಟ್ಲೆಂಡಿನ ಹಲವು ಪಾಳು ಕೋಟೆಗಳ ಬಾಗಿಲನ್ನು ಇತ್ತೀಚೆಗೆ ಮುಚ್ಚಬೇಕಾಗಿ ಬಂದದ್ದೂ ಉಂಟು. ಸ್ಟರ್ಲಿಂಗ್ ಕೋಟೆಯ ಮಹಾಸಭಾಂಗಣ 1999ರಲ್ಲಿ ಮತ್ತೆ ಮೈದುಂಬಿಕೊಂಡಿತು. 1914ರಲ್ಲಿ ಬೆಂಕಿಗೆ ಆಹುತಿಯಾದ, ಡರ್ಲ್‌ಟನ್ನಿಗೆ ಸಮೀಪದ ವೈಟ್‌ಕರ್ಕ್ ಚರ್ಚನ್ನು ವಾಸ್ತುಶಿಲ್ಪಿ ರಾಬರ್ಟ್ ಲಾರಿಮರ್ ಪುನರುದ್ಧಾರ ಮಾಡಿದರು. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು?

ವಿರೋಧ

ವೈಟ್‌ಕರ್ಕ್ ಸುಟ್ಟ ಮರುವಾರವೂ ಪ್ರಾರ್ಥನೆಗೆ ಸೇರಬೇಕಾದ ಜನರಿದ್ದರು. ಡರ್ಲ್‌ಟನ್ ಕೋಟೆಯ ಸೂರಿಗಾಗಿ ಕಾದಿರುವವರು ಯಾರೂ ಇಲ್ಲ. 1660ರ ದಶಕದಲ್ಲಿ ಅದನ್ನು ಕೊಂಡ ಜಾನ್ ನಿಸ್ಬೆಟ್ ಕೂಡ ಅದರಲ್ಲಿ ನೆಲೆಸದೆ, ಹತ್ತಿರದ ಆರ್ಚರ್‌ಫೀಲ್ಡ್‌ನಲ್ಲಿ ಹೊಸ ಮನೆ ಕಟ್ಟಿಸಿದ.

ಅದಕ್ಕಿಂತ ದೊಡ್ಡ ತೊಡಕೆಂದರೆ, ಯಾವ ಕೋಟೆಯನ್ನು ಮರಳಿ ಕಟ್ಟುವುದು? 13ನೆಯ ಶತಮಾನದಲ್ಲಿ ಡಿ ವೋ ಮನೆತನ ಬಂಡೆಯ ಮೇಲೆ ಎಬ್ಬಿಸಿದ, 1298ರಲ್ಲಿ ಇಂಗ್ಲೆಂಡಿನ ಮೊದಲನೆಯ ಎಡ್ವರ್ಡನ ಪರವಾಗಿ ಬಿಷಪ್ ಆಂಟನಿ ಬೆಕ್ ಮುತ್ತಿ ಗೆದ್ದ ಬುರುಜುಗಳನ್ನೇ? ಮುಂದೆ ಕೋಟೆಯ ಒಡೆಯರಾದ ಹ್ಯಾಲಿಬರ್ಟನ್ನರು ಸೇರಿಸಿದ ದೊಡ್ಡ ಹಜಾರವನ್ನೇ? ಅವರ ನಂತರ ಬಂದ ರುದ್ವೆನ್ನರ 16ನೆಯ ಶತಮಾನದ ವಸತಿಯನ್ನೇ? ಒಂದನ್ನು ಪೂರ್ತಿಗೊಳಿಸಿದರೆ ಇನ್ನೆರಡು ಮರೆಯಾಗುತ್ತವೆ. ಊಹೆ ಆರಂಭವಾಗುವಲ್ಲಿ ಪುನರುದ್ಧಾರ ನಿಲ್ಲಬೇಕೆಂದು ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ನಿಯಮಾವಳಿಯಾದ 1964ರ ವೆನಿಸ್ ಸನ್ನದು ಹೇಳುವುದು ಇಂಥ ಕಟ್ಟಡಗಳನ್ನು ಕುರಿತೇ. ಡಿ ವೋ ಬುರುಜಿನೊಳಗಿನ ಒಡೆಯನ ಕೋಣೆಗೆ ಹೋದವರಿಗೆ ಕಲ್ಲಿನ ಕಮಾನು ಪಟ್ಟಿಗಳ ಚಾವಣಿಯೂ ಕಿಟಕಿಯ ಪಕ್ಕದ ಕಲ್ಲಾಸನಗಳೂ ಈಗಲೇ ಕಾಣಸಿಗುತ್ತವೆ. ಅದಕ್ಕೆ ಹೊಸ ಮರದ ತೊಲೆಗಳ ಆಸರೆ ಬೇಕಿಲ್ಲ.

ಮಳೆಯ ಹಾನಿ ನಿಜವೇ. ಆದರೆ ಗೋಡೆಗಳ ನೆತ್ತಿಗೆ ಸುಣ್ಣದ ಗಾರೆ ಬಳಿದು, ನೀರು ಹರಿದುಹೋಗುವಂತೆ ಮಾಡಿ, ವರ್ಷವರ್ಷವೂ ಪರೀಕ್ಷಿಸಿದರೆ ಅದನ್ನು ತಡೆಯಬಹುದು. ಚಾವಣಿಗೆ ಸುರಿಯುವ ಹಣವಿದ್ದರೆ, ಅದರಲ್ಲಿ ಒಂದು ಪಾಲನ್ನು ಗಲನ್ನಿನ ಆ ಬೋಳು ಗೋಡೆಗಳಿಗೆ ಕೊಡುವುದು ಮೇಲು.