ಕುದುರೆ ಮೇಲೊಂದು ಗಿಟಾರ್

ಕುದುರೆ ಮೇಲೆ ಕೂತು ಎರಡೂ ಕೈಯಲ್ಲಿ ಗಿಟಾರ್ ಬಾರಿಸಿದರೆ ಲಗಾಮು ಹಿಡಿಯುವವರು ಯಾರು? ಅಮೆರಿಕದ ಹಾಡುಗಾರ ನಟ ಜೀನ್ ಆಟ್ರಿಯ ಹಳೇ ಕಪ್ಪು ಬಿಳುಪು ಕೌಬಾಯ್ ಸಿನಿಮಾ ನೋಡುವಾಗೆಲ್ಲ ನನಗೆ ಇದೇ ಚಿಂತೆ. ಅವನಿಗೆ ಅದರ ಗೊಡವೆಯೇ ಇಲ್ಲ. ಸುತ್ತ ಬರೀ ಕಲ್ಲು, ಕುರುಚಲು ಗಿಡ, ಒಂದು ನರಪಿಳ್ಳೆಯಿಲ್ಲ, ಆದರೂ ಇವನು ಬಾಯಿ ತೆರೆದ ಕೂಡಲೇ ಎಲ್ಲಿಂದಲೋ ಪಿಟೀಲು ಬಂದು ಸೇರಿಕೊಳ್ಳುತ್ತದೆ. ಮರ ಸುತ್ತುವ ಹಾಡು ನೋಡಿಕೊಂಡೇ ಬೆಳೆದ ನಾವು ನಗಬಾರದು. ಆದರೂ ನಗು ಬರುತ್ತದೆ.

ಆಟ್ರಿ ಹುಟ್ಟಿದ್ದು 1907ರಲ್ಲಿ, ಟೆಕ್ಸಸ್‌ನಲ್ಲಿ. ಮೊದಲ ನೌಕರಿ ಒಕ್ಲಹೋಮಾದ ರೈಲ್ವೆ ಸ್ಟೇಷನ್ನುಗಳಲ್ಲಿ ತಂತಿ ಕಳಿಸುವುದು. ರಾತ್ರಿ ಪಾಳಿ, ಬೇಜಾರು, ಕೈಯಲ್ಲಿ ಗಿಟಾರ್. ಹೀಗೇ ಒಂದು ರಾತ್ರಿ ತಂತಿ ಕೊಡಲು ಬಂದ ವಿಲ್ ರೋಜರ್ಸ್, ಆ ಕಾಲದ ದೊಡ್ಡ ಹಾಸ್ಯಗಾರ, ಹಾಡು ಕೇಳಿ ರೇಡಿಯೋ ಕಡೆ ಹೋಗಪ್ಪಾ ಅಂದನಂತೆ. ಇದು ಆಟ್ರಿಯೇ ಹೇಳಿಕೊಂಡು ಬಂದ ಕಥೆ. ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಇರಲಿ ಬಿಡಿ. ಅಂತೂ ಒಂದು ತಂತಿ ಬಿಟ್ಟು ಇನ್ನೊಂದು ತಂತಿ ಹಿಡಿದ.

ಷಿಕಾಗೋ ರೇಡಿಯೋದಲ್ಲಿ ಹೆಸರಾಯಿತು, 1934ರಲ್ಲಿ ಒಂದು ಸಿನಿಮಾದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಮರುವರ್ಷ ಬಂದದ್ದು 'ಫ್ಯಾಂಟಮ್ ಎಂಪೈರ್', ಹನ್ನೆರಡು ಕಂತಿನ ಧಾರಾವಾಹಿ ಚಿತ್ರ. ನನಗೆ ಪ್ರಾಣ ಇದು! ಕುದುರೆ, ದನ, ಕೌಬಾಯ್ ಎಲ್ಲ ಮೇಲೆ. ನೆಲದಡಿ ಮುರಾನಿಯಾ ಅನ್ನುವ ರಾಜ್ಯ, ಅಲ್ಲೊಬ್ಬಳು ರಾಣಿ, ತಗಡಿನ ರೋಬೋಟ್‌ಗಳು. ನಾಯಕನನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಕೊಲ್ಲಲು ನೋಡುತ್ತಾರೆ. ಆದರೆ ಅವನ ತಲೆಬಿಸಿಯೇ ಬೇರೆ. ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಮೇಲೆ ಬಂದು ರೇಡಿಯೋದಲ್ಲಿ ಹಾಡದಿದ್ದರೆ ಕಾಂಟ್ರಾಕ್ಟ್ ಹೋಗುತ್ತದೆ, ಕುದುರೆ, ದನ ಸಾಕುವ ರಾಂಚೂ ಹೋಗುತ್ತದೆ! ಸಾವಿನ ದವಡೆಯಲ್ಲೂ ಡ್ಯೂಟಿ ಟೈಮು ನೋಡುವ ಇಂಥ ಹೀರೋನನ್ನು ನೌಕರಿ ಮಾಡಿದವರೇ ಸೃಷ್ಟಿಸಿರಬೇಕು, ಅಲ್ವಾ?

ಇವನಿಗಿಂತ ಮೊದಲೇ, 1933ರಲ್ಲಿ, ಮುಂದೆ ದೊಡ್ಡ ಕೌಬಾಯ್ ನಟನಾದ ಜಾನ್ ವೇಯ್ನ್‌ನನ್ನೂ ಹಾಡುವ ಕೌಬಾಯ್ ಮಾಡಿ ನೋಡಿದ್ದರು. ಬಾಯಿ ಅವನದು, ದನಿ ಬೇರೆಯವರದು. ನಮ್ಮಲ್ಲಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಲ್ಲಿ ಅದು ನಡೆಯಲಿಲ್ಲ.

ಆಟ್ರಿಗೆ ನಟನೆ ಅಷ್ಟಕ್ಕಷ್ಟೇ. ಹೆಚ್ಚಿನ ಸಿನಿಮಾಗಳಲ್ಲಿ ಪಾತ್ರದ ಹೆಸರೂ ಜೀನ್ ಆಟ್ರಿ, ಹಾಗಾಗಿ ಬೇರೆ ಯಾರೋ ಆಗುವ ಕಷ್ಟವೇ ಇರಲಿಲ್ಲ. 1938ರ ಹೊತ್ತಿಗೆ ದುಡ್ಡಿನ ವಿಷಯಕ್ಕೆ ತನ್ನ ಸಿನಿಮಾ ತೆಗೆಯುತ್ತಿದ್ದ ರಿಪಬ್ಲಿಕ್ ಕಂಪನಿ ಜೊತೆ ಜಗಳವಾಡಿ ಎದ್ದು ಹೋದ. ಕಂಪನಿಯವರು ಲೆನರ್ಡ್ ಸ್ಲೈ ಅನ್ನುವ ಹಾಡುಗಾರನಿಗೆ ರಾಯ್ ರೋಜರ್ಸ್ ಅಂತ ಹೆಸರಿಟ್ಟು ಕುದುರೆ ಹತ್ತಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುತ್ತದೆ ಅಂತಾರೆ, ಇಲ್ಲಿ ಕೂಸೇ ಶ್ರೀಮಂತವಾಯಿತು. ಆಟ್ರಿ ವಾಪಸ್ ಬಂದ, ಆದರೆ ಅಷ್ಟರಲ್ಲಿ ಪಕ್ಕದಲ್ಲೊಬ್ಬ ಜೋರಾಗಿ ಹಾಡುತ್ತಿದ್ದ.

ಇನ್ನು ಅವನ ಕುದುರೆ ಚಾಂಪಿಯನ್. ಅದು ಒಂದೇ ಕುದುರೆಯಲ್ಲ, ಅದೇ ಹೆಸರಿನಲ್ಲಿ ಹಲವು ಬಂದು ಹೋದವು ಅಂತ ನನಗೆ ಗೊತ್ತಾದದ್ದು ಆಮೇಲೆ. ಸಿನಿಮಾದ ಶುರುವಿನಲ್ಲಿ ನಟರ ಹೆಸರಿನ ಜೊತೆ ಅದರ ಹೆಸರೂ ಬರುತ್ತದೆ. ಕಿವಿ ಪಕ್ಕದಲ್ಲೇ ಗಿಟಾರ್ ಬಾರಿಸಿದರೂ ಬೆದರದೆ ನಡೆಯುವ ಪ್ರಾಣಿಗೆ ಅಷ್ಟಾದರೂ ಬೇಡವೇ!