ಖಳಾ ನೋಂಬಿನ ಲೆಕ್ಕ ಕೇಳುವ ಕಾಕನಿಗೆ

ಮಧ್ಯಾಹ್ನ ಮುಂಬೈ ಪಕ್ಕದ ಮೀರಾ ರೋಡಿನಲ್ಲಿ ನಮ್ಮವರ ಮನೆಯಲ್ಲಿ ಮಗುವಿಗೆ ಹೆಸರಿಡುವ ಊಟ. ಬಿರಿಯಾನಿ ಚೆನ್ನಾಗಿತ್ತಂತೆ. 'ಅಂತೆ' ಯಾಕೆಂದರೆ ನನಗೆ ಖಳಾ ನೋಂಬಿತ್ತು (ರಂಜಾನಿನಲ್ಲಿ ಬಿಟ್ಟುಹೋದ ಉಪವಾಸವನ್ನು ಆಮೇಲೆ ಹಿಡಿದು ತೀರಿಸುವುದು), ನನ್ನ ಅಕ್ಕನ ಮಗಳಿಗೂ ಇತ್ತು. ಇಬ್ಬರೂ ಅಡುಗೆಮನೆ ಬಾಗಿಲಲ್ಲಿ ನಿಂತು ಬೇರೆಯವರಿಗೆ ಬಡಿಸುತ್ತಿದ್ದೆವು.

ಅಷ್ಟರಲ್ಲಿ ಒಬ್ಬ ಕಾಕ, ಬಾಯಲ್ಲಿ ತುತ್ತು ಇಟ್ಟುಕೊಂಡೇ, ಹುಡುಗಿಗೆ ಕೇಳಿದರು: 'ಇನ್ನೆರಡು ವಾರಕ್ಕೆ ರಂಜಾನ್ ಬಂತು. ಹೋದ ವರ್ಷದ್ದು ಈಗ ಹಿಡಿಯೋದಾ? ಇಷ್ಟು ದಿನ ಏನು ಮಾಡ್ತಿದ್ದೆ? ಎಷ್ಟು ಬಾಕಿ ಉಂಟು?'

ಹದಿನೈದು ಜನರ ಎದುರು. ಎಷ್ಟು ಬಾಕಿ ಉಂಟು ಅಂತ!

ಅವಳು ಏನಂತ ಹೇಳಬೇಕು? ಮುಟ್ಟಾದ ದಿನಗಳಲ್ಲಿ ನಮಗೆ ನೋಂಬಿಲ್ಲ, ನಮಾಜೂ ಇಲ್ಲ. ಬಿಟ್ಟ ನಮಾಜು ತೀರಿಸಬೇಕಿಲ್ಲ, ಬಿಟ್ಟ ನೋಂಬು ಮಾತ್ರ ಆಮೇಲೆ ಹಿಡಿದು ತೀರಿಸಬೇಕು. ಇದು ಮದ್ರಸದ ಮಕ್ಕಳಿಗೂ ಗೊತ್ತು, ಕಾಕನಿಗೂ ಗೊತ್ತು. ಗೊತ್ತಿದ್ದೂ ಕೇಳುವುದರಲ್ಲಿ ಏನು ಸುಖವೋ.

ಇದೇ ಕಾಕನ ಶುಗರ್ ಎಷ್ಟು ಅಂತ ಮೀರಾ ರೋಡಿನ ನಮ್ಮ ಇಡೀ ನಯಾ ನಗರಕ್ಕೆ ಗೊತ್ತು. ಡಾಕ್ಟರು ನೋಂಬು ಬೇಡ ಅಂದದ್ದು, ಇನ್ನು ವಾಸಿಯಾಗುವ ಕಾಯಿಲೆ ಅಲ್ಲ ಅಂದದ್ದು, ಅದಕ್ಕೆ ಇವರು ದಿನಕ್ಕೆ ಒಂದು ಮುದ್ದ್‌ನಂತೆ (ಮುದ್ದ್ ಅಂದರೆ ಎರಡು ಕೈ ಜೋಡಿಸಿದ ಒಂದು ಬೊಗಸೆ) ಊರಿನ ಬಡವರಿಗೆ ಫಿದ್ಯಾ, ಅಂದರೆ ನೋಂಬಿನ ಬದಲಿಗೆ ಕೊಡುವ ಅಕ್ಕಿ ಕಳಿಸಿದ್ದು, ಎಲ್ಲವನ್ನೂ ಪ್ರತಿ ರಂಜಾನಿನಲ್ಲೂ ವರದಿ ಒಪ್ಪಿಸುತ್ತಾರೆ. ಒಳ್ಳೆಯದೇ. ಕುರ್‌ಆನ್ ಕಾಯಿಲೆಯವರಿಗೂ ಪ್ರಯಾಣಿಕರಿಗೂ ಕೊಟ್ಟ ರಿಯಾಯಿತಿ ಯಾರ ಮನೆಯ ಭಿಕ್ಷೆಯೂ ಅಲ್ಲ. ಆದರೆ ಅವರ ರಿಯಾಯಿತಿ ಸಭೆಯಲ್ಲಿ ಹೇಳುವಂಥದ್ದು, ನಮ್ಮದು ಮಾತ್ರ ಬಾಗಿಲ ಹಿಂದೆ ಅಡಗಿಸುವಂಥದ್ದು. ಹೇಗೆ?

'ಕಾಕ ಒಳ್ಳೆಯದಕ್ಕೇ ಹೇಳಿದ್ದು' ಅಂತ ಈಗಾಗಲೇ ಒಬ್ಬರು ಮೆಸೇಜು ಹಾಕಿದ್ದಾರೆ. ಹೌದು, ಕಾರಣವಿಲ್ಲದೆ ಮುಂದಿನ ರಂಜಾನ್ ದಾಟಿಸಿದರೆ ಶಾಫಿ ಪಂಥದ ನಮ್ಮಲ್ಲಿ ಖಳಾ ಜೊತೆಗೆ ನೋಂಬಿಗೆ ಒಂದು ಮುದ್ದ್ ಧಾನ್ಯವನ್ನೂ ಕೊಡಬೇಕು. (ನನ್ನ ಪಕ್ಕದ ಮನೆಯ ಧಾರವಾಡದವರು ಹನಫಿ ಪಂಥದವರು, ಅವರಿಗೆ ಎಷ್ಟು ತಡವಾದರೂ ಬರೀ ನೋಂಬು ತೀರಿಸಿದರೆ ಸಾಕು.) ಆದರೆ ರಂಜಾನ್ ಇನ್ನೂ ಬಂದಿಲ್ಲವಲ್ಲ ಮಾರಾಯರೇ! ಪ್ರವಾದಿಯವರ ಪತ್ನಿ ಆಯಿಶಾ ಬೀವಿಯೇ ಹೇಳಿದ್ದಾರೆ, ತನ್ನ ಬಾಕಿ ನೋಂಬು ತೀರಿಸಲು ರಂಜಾನಿನ ಹಿಂದಿನ ಶಾಬಾನ್ ತಿಂಗಳವರೆಗೆ ಆಗುತ್ತಿರಲಿಲ್ಲ ಅಂತ. ಈಗ ಯಾವ ತಿಂಗಳು? ಶಾಬಾನ್. ಹುಡುಗಿ ಸರಿಯಾಗೇ ಇದ್ದಾಳೆ. ಇನ್ನು ಲಜ್ಜೆ ಈಮಾನಿನ ಭಾಗ ಅಂತ ನನಗೆ ಕಲಿಸಲು ಬರಬೇಡಿ. ಆಯಿಶಾ ಬೀವಿ ಇದನ್ನೆಲ್ಲ ಬಾಯಿಬಿಟ್ಟು ಹೇಳಿದ್ದಕ್ಕೇ ನಿಮಗೂ ನನಗೂ ಗೊತ್ತಾದದ್ದು.

ರಂಜಾನಿನಲ್ಲಿ ನೋಂಬು ಹಿಡಿಯುವುದು ಸುಲಭ. ಬೆಳಗಿನ ಜಾವದ ಸಹರಿ ಊಟಕ್ಕೆ ಮನೆಯೆಲ್ಲ ಏಳುತ್ತದೆ, ಸಂಜೆ ಮೊಹಮ್ಮದ್ ಅಲಿ ರೋಡೇ ಹಬ್ಬ. ಖಳಾ ನೋಂಬಿಗೆ ಯಾರಿದ್ದಾರೆ? ಕಳೆದ ಮಂಗಳವಾರ ವಿರಾರ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ, ಬೊರಿವಲಿ ದಾಟಿ ದಹಿಸರ್ ಬರುವ ಮೊದಲು ಮಗ್ರಿಬ್ ಆಯಿತು, ನೋಂಬು ಬಿಡುವ ಹೊತ್ತು. ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ, ಇನ್ಯಾರದೋ ಮೀನಿನ ಚೀಲ ಕಾಲ ಮೇಲೆ. ಪರ್ಸಿನೊಳಗೆ ತಡಕಾಡಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ. ಬೀಜ ಉಗಿಯಲು ಜಾಗವಿಲ್ಲದೆ ಮೀರಾ ರೋಡ್‌ವರೆಗೂ ದವಡೆಯಲ್ಲೇ ಇತ್ತು.

ಇಷ್ಟೆಲ್ಲ ಬರೆಯುತ್ತಿದ್ದೇನಲ್ಲ, ಮಧ್ಯಾಹ್ನ ಕಾಕನಿಗೆ ಏನು ಹೇಳಿದೆ ಗೊತ್ತಾ? ಏನೂ ಇಲ್ಲ. 'ಇನ್ನು ಸ್ವಲ್ಪ ಹಾಕ್ಲಾ ಕಾಕ?' ಅಂದೆ. ನನ್ನ ಬಾಯಿ ಗೊತ್ತಿರುವ ನೀವು ನಂಬಲಿಕ್ಕಿಲ್ಲ.

ಹಳೇ ಅಭ್ಯಾಸ. ಊರಲ್ಲಿದ್ದಾಗ ನೋಂಬಿಲ್ಲದ ದಿನವೂ ಅಣ್ಣಂದಿರ ಜೊತೆ ಸಹರಿಗೆ ಎದ್ದು, ಮಧ್ಯಾಹ್ನ ಬಚ್ಚಲಮನೆಯಲ್ಲಿ ನೀರು ಕುಡಿದು, ಸಂಜೆ ಬಾಡಿದ ಮುಖ ಮಾಡಿಕೊಂಡು ಇಫ್ತಾರಿಗೆ ಕೂತವಳು ನಾನು. ಉಮ್ಮನೇ (ಅಮ್ಮ) ಕಲಿಸಿದ್ದು. ಆ ನಾಟಕದಲ್ಲಿ ಲೆಕ್ಕವೇ ತಪ್ಪಿಹೋಯಿತು. ಹದಿನಾರರಿಂದ ಇಪ್ಪತ್ತೊಂದರವರೆಗೆ ಬಿಟ್ಟದ್ದು ಎಷ್ಟು, ತೀರಿಸಿದ್ದು ಎಷ್ಟು, ಎಲ್ಲೂ ಬರೆದಿಟ್ಟಿಲ್ಲ. ಆರು ವರ್ಷಕ್ಕೆ ವರ್ಷಕ್ಕೆ ಏಳರಂತೆ ನಲವತ್ತೆರಡು ಅಂತ ಹಿಡಿದು, ಈ ನಲವತ್ತರ ಪ್ರಾಯದಲ್ಲಿ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಗೀಟು ಎಳೆಯುತ್ತಿದ್ದೇನೆ. ಇವತ್ತಿನದು ಇಪ್ಪತ್ತೊಂಬತ್ತನೆಯದು. ಹಗಲು ಚಿಕ್ಕದಿರುವ ಚಳಿಗಾಲದಲ್ಲಿ ಜಾಸ್ತಿ ಹಿಡಿಯುವುದು ನನ್ನ ಕಳ್ಳಲೆಕ್ಕ.

ಇದನ್ನು ಬರೆಯುವಾಗಲೇ ಹುಡುಗಿಯ ಮೆಸೇಜು ಬಂತು. ಅವಳಿಗೆ ಇನ್ನು ಎರಡೇ ಬಾಕಿಯಂತೆ, ನಾಳೆ ಒಟ್ಟಿಗೆ ಹಿಡಿಯೋಣವಾ ಅಂತ ಕೇಳಿದ್ದಾಳೆ. ಸಹರಿಗೆ ಫೋನ್ ಮಾಡಿ ಎಬ್ಬಿಸಬೇಕಂತೆ. ಖಳಾಕ್ಕೆ ನಿಯ್ಯತ್ತು (ನೋಂಬಿನ ಸಂಕಲ್ಪ) ರಾತ್ರಿಯೇ ಆಗಬೇಕು, ಮರೆಯಬೇಡ ಅಂತ ಬರೆದು, ಐದು ಗಂಟೆಗೆ ಅಲಾರಂ ಇಟ್ಟಿದ್ದೇನೆ.